ಕಾನೂನು ಕೇಳಿ: ಮಗನ ಪಿಕಪ್ ತಾಗಿ ಒಬ್ರ ಕಾಲು ಮುರ್ದಿದೆ, ಸ್ಟೇಷನ್‌ಗೆ ಕಳಿಸೋದಾ ಬೇಡ್ವಾ?

ಪ್ರಶ್ನೆ: ಮೇಡಂ, ನಮ್ದು ಸ್ವಲ್ಪ ಕಾಫಿ ತೋಟ ಇದೆ. ಹೋದ ವಾರ ಮಗ ಕುಶಾಲನಗರದಿಂದ ಗೊಬ್ಬರ ತುಂಬ್ಕೊಂಡು ಪಿಕಪ್‌ನಲ್ಲಿ ಬರ್ತಿದ್ದ, ಮಂಜು ಜಾಸ್ತಿ ಇತ್ತು, ತಿರುವಲ್ಲಿ ಒಂದು ಬೈಕಿಗೆ ತಾಗಿ ಬೈಕಿನವ್ರ ಕಾಲು ಮುರೀತು. ಅವ್ನೇ ಆಸ್ಪತ್ರೆಗೆ ಸೇರಿಸ್ದ. ಈಗ ಕೇಸಾಗಿದೆ, ಗಾಡಿ ಸ್ಟೇಷನ್‌ನಲ್ಲಿದೆ, ವಾಟ್ಸಾಪಲ್ಲಿ ನೋಟಿಸ್ ಬಂದಿದೆ. ಹೋದ್ರೆ ಒಳಗೆ ಹಾಕ್ತಾರೆ, ಸ್ವಲ್ಪ ದಿನ ಕೇರಳಕ್ಕೆ ಕಳಿಸಿ ಅಂತಾರೆ ನೆಂಟ್ರು. ಗಾಡಿ ನಮ್ಮ ಯಜಮಾನ್ರ ಹೆಸರಲ್ಲಿದೆ, ಅವ್ರೇ ಓಡಿಸ್ತಿದ್ರು ಅಂತ ಹೇಳ್ಬಿಡಿ ಅಂತಾನೂ ಹೇಳ್ತಾರೆ. ನನಗೆ ನಿದ್ದೆ ಇಲ್ಲ.
– ಒಬ್ಬ ತಾಯಿ, ಸೋಮವಾರಪೇಟೆ ತಾಲೂಕು

ಉತ್ತರ: ಅಮ್ಮಾ, ಮೊದ್ಲು ಆ ಕೇರಳದ ಮಾತು ಬಿಟ್ಬಿಡಿ. ನಿಮ್ಮ ಮಗ ಗಾಯಾಳುನ ಬಿಟ್ಟು ಓಡಿ ಹೋಗ್ಲಿಲ್ಲ, ಆಸ್ಪತ್ರೆಗೆ ಸೇರಿಸ್ದ, ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ ಡ್ರೈವರ್‌ಗೆ ಹೇಳೋದೂ ಅದನ್ನೇ, ಇಷ್ಟು ಒಳ್ಳೇದು ಮಾಡಿ ಈಗ ಓಡಿ ಹೋದ್ರೆ ಎಲ್ಲಾ ನೀರಲ್ಲಿ ಹೋಮ ಮಾಡ್ದಂಗೆ.

ಇಂಥ ಕೇಸಲ್ಲಿ ಸಾಮಾನ್ಯವಾಗಿ ಹಾಕೋದು ಭಾರತೀಯ ನ್ಯಾಯ ಸಂಹಿತೆ 281, ಅಂದ್ರೆ ಅಜಾಗರೂಕ ಚಾಲನೆ, ಜೊತೆಗೆ ಮೂಳೆ ಮುರಿದ್ರೆ 125(ಬಿ). 125(ಬಿ)ಗೆ 3 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಎರಡೂ ಆಗ್ಬಹುದು. ಕೇಳಿದ್ರೆ ಎದೆ ಝಲ್ ಅನ್ನುತ್ತೆ, ಆದ್ರೆ ಎರಡೂ ಜಾಮೀನು ಸಿಗೋ ಅಪರಾಧಗಳು, ಹಾಗಾಗಿ ಬಂಧಿಸಿದ್ರೂ ಶ್ಯೂರಿಟಿ ಕೊಟ್ರೆ ಸ್ಟೇಷನ್‌ನಲ್ಲೇ ಬೇಲ್ ಕೊಡ್ಬೇಕು, ಅದು ಯಾರ ದಯೆನೂ ಅಲ್ಲ, ಹಕ್ಕು.

ವಾಟ್ಸಾಪ್ ನೋಟಿಸ್ ವಿಷಯ. 2024ರ ಜುಲೈ 1ರಿಂದ ತನಿಖೆ, ಬಂಧನ, ಬೇಲ್ ಹೇಗೆ ನಡೀಬೇಕು ಅಂತ ಹೇಳೋ ಹಳೇ ಸಿಆರ್‌ಪಿಸಿ ಜಾಗದಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ, ಬಂಧಿಸೋ ಅಗತ್ಯ ಇಲ್ಲ ಅನಿಸಿದಾಗ ಅದರ 35(3)ರ ಪ್ರಕಾರ ಹಾಜರಾಗೋಕೆ ನೋಟಿಸ್ ಕೊಡ್ಬೇಕು. ಇದನ್ನ ವಾಟ್ಸಾಪಲ್ಲಿ ಕಳಿಸೋಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹಾಗಂತ ಹೋಗ್ಬೇಡಿ ಅಂತ ನಾನು ಹೇಳಲ್ಲ. ವಕೀಲ್ರನ್ನ ಕರ್ಕೊಂಡು ಹೋಗಿ, ಪೇಪರಲ್ಲಿ ನೋಟಿಸ್ ಕೇಳಿ ತಗೊಳ್ಳಿ, ಹಾಜರಾದ ದಿನ ಬರೆದಿಟ್ಕೊಳ್ಳಿ. ನೋಟಿಸ್ ಪ್ರಕಾರ ನಡ್ಕೊಳ್ಳೋನನ್ನ ಬಂಧಿಸ್ಬೇಕಂದ್ರೆ ಪೊಲೀಸ್ರು ಕಾರಣ ಬರೆದಿಡ್ಬೇಕಾಗುತ್ತೆ.

ಮತ್ತೆ ಸೈನ್. ನಮ್ಮ ಜನ ಜಾಸ್ತಿ ಕೆಡೋದು ಇಲ್ಲೇ, ಎಷ್ಟೋ ಹುಡುಗ್ರು ಖಾಲಿ ಹಾಳೆಗೆ ಸೈನ್ ಹಾಕಿ ಬಂದು ಆಮೇಲೆ ಅಳೋದನ್ನ ನೋಡಿದ್ದೀನಿ. ತನಿಖೇಲಿ ಪೊಲೀಸ್ರು ಬರ್ಕೊಳ್ಳೋ ಹೇಳಿಕೆಗೆ ಹೇಳಿದವ್ರು ಸೈನ್ ಹಾಕೋಂಗಿಲ್ಲ ಅಂತ ಬಿಎನ್‌ಎಸ್‌ಎಸ್ 181ರಲ್ಲೇ ಇದೆ. ಪೊಲೀಸ್ರ ಮುಂದೆ ತಪ್ಪೊಪ್ಕೊಂಡಿದ್ದು ಕೋರ್ಟಲ್ಲಿ ಸಾಕ್ಷಿಯಾಗಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಒತ್ತಾಯ ಮಾಡೋಕೂ ಆಗಲ್ಲ, ಸಂವಿಧಾನದ 20(3). ಬೇಲ್ ಬಾಂಡ್, ನೋಟಿಸ್ ತಗೊಂಡಿದ್ದಕ್ಕೆ, ಮಹಜರ್‌ಗೆ ಸೈನ್ ಬೇರೆ, ಅದನ್ನೂ ಓದಿ ಹಾಕ್ಲಿ.

ಅಪ್ಪ ಓಡಿಸ್ತಿದ್ದ ಅನ್ನೋ ಸುಳ್ಳು ಬೇಡ್ವೇ ಬೇಡ. ಯಾರು ಓಡಿಸ್ತಿದ್ರು ಅಂತ ಪೊಲೀಸ್ರು ಕೇಳಿದ್ರೆ ಗಾಡಿ ಓನರ್ ಹೇಳ್ಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಇದೆ. ಸುಳ್ಳು ಗೊತ್ತಾದ್ರೆ ಅಪ್ಪ ಮಗ ಇಬ್ರೂ ಸಿಕ್ಕಾಕೊಳ್ತಾರೆ, ಇನ್ಶೂರೆನ್ಸ್ ಕಂಪನಿಗೂ ತಕರಾರು ತೆಗೆಯೋಕೆ ದಾರಿ ಆಗುತ್ತೆ. ಬೈಕಿನವ್ರಿಗೆ ಪರಿಹಾರ ಬರ್ಬೇಕಿರೋದು ಆ ಇನ್ಶೂರೆನ್ಸಿಂದ್ಲೇ ತಾನೇ, ಪಾಪ ಅವ್ರು ಮಲಗಿದ್ದಾರೆ, ಅದನ್ನೂ ಯೋಚ್ನೆ ಮಾಡಿ. ಕಂಪನಿಗೆ ಇವತ್ತೇ ಅಪಘಾತದ ವಿಷಯ ತಿಳಿಸಿ.

ಗಾಡಿ ಸ್ಟೇಷನ್‌ನಲ್ಲಿ ಮಳೆಗೆ ನೆನೀತಾ ಕೂರೋದು ಬೇಕಿಲ್ಲ, ಅದೇ ಕಾಯ್ದೆಯ 136ನೇ ಸೆಕ್ಷನ್ ಪ್ರಕಾರ ತಪಾಸಣೆ ವಗೈರೆ ಮುಗಿದ್ಮೇಲೆ 24 ಗಂಟೆಯೊಳಗೆ ವಾಪಸ್ ಕೊಡ್ಬೇಕು, ಕೊಡದಿದ್ರೆ ವಕೀಲ್ರ ಮೂಲಕ ಕೋರ್ಟಿಗೆ ಅರ್ಜಿ ಹಾಕಿಸಿ.

ಕೋರ್ಟಲ್ಲಿ 'ತಪ್ಪೊಪ್ಕೊಂಡು ಫೈನ್ ಕಟ್ಟಿ ಮುಗಿಸ್ಬಿಡಿ' ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಹಾಗೆ ಒಪ್ಕೊಂಡ್ರೆ ಅದು ಶಿಕ್ಷೆ ಆದಂಗೆ, ನಾಳೆ ಕೆಲ್ಸಕ್ಕೆ ಪೊಲೀಸ್ ವೆರಿಫಿಕೇಶನ್ ಬಂದಾಗ ಎದ್ದು ಬರುತ್ತೆ. ಮಂಜು, ತಿರುವು, ಸ್ಪೀಡು, ಬೈಕ್ ಯಾವ ಸೈಡಲ್ಲಿತ್ತು ಅನ್ನೋದೆಲ್ಲಾ ನೋಡಿ ವಕೀಲ್ರು ಹೇಳ್ಲಿ, ಆಮೇಲೆ ನಿರ್ಧಾರ ಮಾಡಿ.

ವಕೀಲ್ರಿಗೆ ದುಡ್ಡಿನ ತೊಂದ್ರೆ ಇದ್ರೆ ಮಡಿಕೇರೀಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅಲ್ಲಿ ಕೇಳಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಚೆಕಿಂಗ್‌ನಲ್ಲಿ ಮೊಬೈಲಲ್ಲಿರೋ ಡಿಜಿಲಾಕರ್ ಡಿಎಲ್ ತೋರಿಸಿದ್ರೆ ಒರಿಜಿನಲ್ಲೇ ಬೇಕು ಅಂತಾರೆ, ಸರಿನಾ?
– ವಿರಾಜಪೇಟೆಯ ಓದುಗರು

ಉತ್ತರ: ಸರಿ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮ 139ರ ಪ್ರಕಾರ ಡಿಜಿಟಲ್ ದಾಖಲೆನೂ ನಡೆಯುತ್ತೆ, ಆದ್ರೆ ಗ್ಯಾಲರೀಲಿರೋ ಫೋಟೋ ನಡೆಯಲ್ಲ, ಆ್ಯಪ್‌ನಲ್ಲೇ ತೆರೆದು ತೋರಿಸಿ. ಒರಿಜಿನಲ್ ಡಿಎಲ್ ತಗೊಂಡ್ರೆ ರಸೀದಿ ಕೇಳಿ ಪಡ್ಕೊಳ್ಳಿ, ಮೋಟಾರು ವಾಹನ ಕಾಯ್ದೆ 206ನೇ ಸೆಕ್ಷನ್ ಪ್ರಕಾರ ಡಿಎಲ್ ವಾಪಸ್ ಬರೋವರೆಗೆ ಅಥವಾ ರಸೀದೀಲಿ ಬರೆದಿರೋ ತಾರೀಖಿನವರೆಗೆ, ಯಾವುದು ಮೊದ್ಲೋ ಅಲ್ಲಿವರೆಗೆ ಆ ರಸೀದಿ ಇಟ್ಕೊಂಡು ಗಾಡಿ ಓಡಿಸ್ಬಹುದು.