ಶಿರಸಿ ಕಡೆ ಬೇಲಿ ಮೇಲೆ ಬಿಡುವ ಗೌರಿ ಹೂವಿನ ಗಡ್ಡೆಯನ್ನು ಮನೆಮದ್ದಿಗೆ ಬಳಸಬಹುದಾ?

ಬೇಡವೇ ಬೇಡ. ಹೂವು ಗೌರಿ-ಗಣೇಶನ ಪೂಜೆಗೆ ಚೆಂದ, ಆದರೆ ಗಿಡವೆಲ್ಲ ವಿಷ. ಗಡ್ಡೆ, ಬೀಜದಲ್ಲಂತೂ ಜಾಸ್ತಿ.

ಇದೇ ಅಗ್ನಿಶಿಖೆ, ಅಂದರೆ ಗ್ಲೋರಿಯೋಸಾ ಸುಪರ್ಬಾ. ಗುರುತು ಸುಲಭ: ಎಲೆಯ ತುದಿಯೇ ಬಳ್ಳಿಯ ಕುಡಿಯಂತೆ ಸುರುಳಿಯಾಗಿ ಪಕ್ಕದ ಪೊದೆಯನ್ನು ಹಿಡಿದುಕೊಳ್ಳುತ್ತದೆ. ಹಿಂದಕ್ಕೆ ಬಾಗಿದ, ಅಂಚು ಅಲೆಯಲೆಯಾದ ಎಸಳುಗಳು ಮೊದಲು ಹಳದಿ, ಆಮೇಲೆ ಕೆಂಪು.

ವಿಷದ ಹೆಸರು ಕೋಲ್ಚಿಸಿನ್. ದೇಹದ ಜೀವಕೋಶ ಒಂದು ಎರಡಾಗಬೇಕಾದರೆ ಒಳಗೆ ಸಣ್ಣ ಎಳೆಗಳು ಕಟ್ಟಿಕೊಳ್ಳಬೇಕು. ಕೋಲ್ಚಿಸಿನ್ ಅದಕ್ಕೇ ಅಡ್ಡ ಬರುತ್ತದೆ. ಹೊಸ ಕೋಶ ಸದಾ ಹುಟ್ಟುವ ಕಡೆ, ಅಂದರೆ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆಯಲ್ಲಿ, ಹೊಡೆತ ಜೋರು. ವಾಂತಿ-ಭೇದಿ ಶುರುವಾಗುವುದಕ್ಕೇ ಕೆಲವು ಗಂಟೆ ಬೇಕು, ಅಷ್ಟರಲ್ಲಿ ವಿಷ ಮೈಗೆ ಹತ್ತಿರುತ್ತದೆ. ಬದುಕಿದವರಿಗೂ ಆಮೇಲೆ ತಲೆಕೂದಲು ಉದುರುವುದುಂಟು.

‘ಡಾಕ್ಟರೇ ಇದನ್ನು ಕೊಡ್ತಾರಲ್ವಾ?’ ಅಂತ ಕೇಳಬಹುದು. ಹೌದು, ಗೌಟ್ ಎಂಬ ಕೀಲುನೋವಿಗೆ ಕೊಡುತ್ತಾರೆ. ಆದರೆ ಆ ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂ. ಗಡ್ಡೆಯ ತುಂಡಿನಲ್ಲಿ ಎಷ್ಟಿದೆ ಅಂತ ಅಳೆಯುವವರು ಯಾರು? ಬೇಯಿಸಿದರೂ ಹೋಗುವುದಿಲ್ಲ. ಗೆಣಸೆಂದು ತಪ್ಪಿ ತಿಂದವರಿದ್ದರೆ ವಾಂತಿ ಆಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಗಿಡದ ತುಂಡನ್ನೂ ಜೊತೆಗೆ ಒಯ್ಯಿರಿ.