ಐದು ಗಂಟೆ ಓಡಿಸಿದರೂ ಗಾಡಿ ಹಿಂಭಾಗದ ಬ್ಯಾಟರಿ ಯಾಕೆ ತುಂಬಲ್ಲ?

ಸರ್, ನೀವು ಹೇಳಿದ್ದು ಇಷ್ಟು: ಬೊಲೆರೊ ಹಿಂಭಾಗದಲ್ಲಿ ಫ್ರಿಜ್ ಓಡಿಸಲು 100 ಎಎಚ್ (ಆಂಪಿಯರ್-ಅವರ್) ಎಜಿಎಂ, ಅಂದರೆ ಆಸಿಡ್ ಚೆಲ್ಲದ ಸೀಲ್ಡ್ ಬ್ಯಾಟರಿ, ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಮೂಲಕ ಎಂಜಿನ್‌ನಿಂದ ಕರೆಂಟ್ ಮಾಡುವ ಆಲ್ಟರ್ನೇಟರ್‌ಗೆ ಕನೆಕ್ಷನ್, 4 ಸ್ಕ್ವೇರ್ ಎಂಎಂ ವೈರ್. ಬೆಂಗಳೂರಿನಿಂದ ಸಕಲೇಶಪುರಕ್ಕೆ ಐದು ಗಂಟೆ ಓಡಿಸಿದರೂ ಎರಡನೇ ರಾತ್ರಿ ಫ್ರಿಜ್ ಆಫ್. ಬ್ಯಾಟರಿ ಹೋಗಿದೆ, ಹೊಸದು ಹಾಕಿ ಅಂದಿದ್ದಾರೆ ಅಂಗಡಿಯವರು. ಇರಿ, ಈಗಲೇ ದುಡ್ಡು ಬಿಚ್ಚಬೇಡಿ.

ಮೊದಲು ವೋಲ್ಟೇಜ್ ಅಳೆಯಲು ಒಂದು ಮಲ್ಟಿಮೀಟರ್ ತಗೊಳ್ಳಿ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಹಿಂದಿನ ಬ್ಯಾಟರಿ ಅರ್ಧ ಖಾಲಿ ಇರುವಾಗ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಮುಂದಿನ ಬ್ಯಾಟರಿ ಟರ್ಮಿನಲ್ ಮೇಲೆ ಒಂದು ರೀಡಿಂಗ್, ಹಿಂದಿನದರ ಮೇಲೆ ಒಂದು. ಮುಂದೆ 14.2 ವೋಲ್ಟ್, ಹಿಂದೆ 13.2 ಬಂದರೆ ತಪ್ಪು ವೈರ್‌ನದು. ಲೆಕ್ಕ ಹಾಕಿ ನೋಡಿ: ಹೋಗಿ ಬರುವ ದಾರಿ ಸೇರಿ 10 ಮೀಟರ್ 4 ಸ್ಕ್ವೇರ್ ಎಂಎಂ ತಾಮ್ರದಲ್ಲಿ 20 ಆಂಪ್ ಹರಿದರೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಖರ್ಚು. ಅದೇ 16 ಸ್ಕ್ವೇರ್ ಎಂಎಂ ಆದರೆ ಕಾಲು ವೋಲ್ಟ್‌ಗಿಂತ ಕಮ್ಮಿ. ಎಜಿಎಂ ಪೂರ್ತಿ ತುಂಬಲು ಅದರ ಟರ್ಮಿನಲ್‌ನಲ್ಲೇ 14.4ರಿಂದ 14.7 ಸಿಗಬೇಕು. 13.2ರಲ್ಲೂ ಕರೆಂಟ್ ಹೋಗುತ್ತದೆ, ಆದರೆ ತೆವಳಿಕೊಂಡು.

ಎರಡೂ ಕಡೆ 13ರ ಆಸುಪಾಸು ಅಂದರೆ ಕಥೆ ಬೇರೆ. ಬಿಎಸ್6 ಗಾಡಿಗಳಲ್ಲಿ ಎಷ್ಟೋ ಸ್ಮಾರ್ಟ್ ಆಲ್ಟರ್ನೇಟರ್‌ನವು. ಮುಂದಿನ ಬ್ಯಾಟರಿಗೆ ಸಾಕು ಅನಿಸಿದ ತಕ್ಷಣ, ಡೀಸೆಲ್ ಉಳಿಸಲು ವೋಲ್ಟೇಜ್ ಇಳಿಸಿಬಿಡುತ್ತವೆ. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಆಗ 12.8ರ ಹತ್ತಿರ ಸುಮ್ನೆ ಕಟ್ ಆಗುತ್ತದೆ. ಇದಕ್ಕೆ ಡಿಸಿ-ಡಿಸಿ ಚಾರ್ಜರ್, ಅಂದರೆ ಸಿಕ್ಕ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುವ ಪೆಟ್ಟಿಗೆ, ಒಂದೇ ದಾರಿ. ನಿಮ್ಮ ಬ್ಯಾಟರಿಗೆ 20 ಆಂಪ್‌ನದು ಸಾಕು. ಅದನ್ನು ಹಿಂದಿನ ಬ್ಯಾಟರಿ ಪಕ್ಕದಲ್ಲೇ ಕೂರಿಸಿ, ಸೆಟ್ಟಿಂಗ್ ಎಜಿಎಂಗೆ ಇಡಿ, ಕೀ ಆನ್ ಇದ್ದಾಗ ಮಾತ್ರ ಕೆಲಸ ಮಾಡುವಂತೆ ಇಗ್ನಿಷನ್ ವೈರ್ ಕೊಡಿ. ಫ್ಯೂಸ್ ಎರಡೂ ಬ್ಯಾಟರಿ ಹತ್ತಿರ, ಒಂದು ಗೇಣಿನೊಳಗೆ. ಇದರಲ್ಲಿ ಮಾತ್ರ ಜುಗ್ಗತನ ಬೇಡ, ವೈರ್ ಗಾಡಿಯ ಲೋಹದ ಮೈಗೆ ಉಜ್ಜಿ ಶಾರ್ಟ್ ಆದರೆ ಗಾಡಿಯೇ ಸುಡುತ್ತದೆ.

ಎಲ್ಲ ಸರಿ ಮಾಡಿದ ಮೇಲೂ ಐದು ಗಂಟೆಯಲ್ಲಿ ನೂರಕ್ಕೆ ನೂರು ತುಂಬುತ್ತದೆ ಅಂದುಕೊಳ್ಳಬೇಡಿ. ಎಂಬತ್ತರವರೆಗೆ ಬೇಗ ಏರುತ್ತದೆ. ಕೊನೆಯ ಇಪ್ಪತ್ತಕ್ಕೆ ಬ್ಯಾಟರಿಯೇ ಕರೆಂಟ್ ಕಮ್ಮಿ ಎಳೆದುಕೊಳ್ಳುತ್ತದೆ, ಗಂಟೆಗಟ್ಟಲೆ ಬೇಕು. ಐದರಲ್ಲಿ ಒಂದು ಗಂಟೆ ನೆಲಮಂಗಲ ದಾಟುವುದಕ್ಕೇ ಹೋಗುತ್ತದೆ, ಅಲ್ವಾ? ಐಡಲಿಂಗ್‌ನಲ್ಲಿ ಎಸಿ, ಲೈಟ್ ಹಾಕಿದ್ದರೆ ಆಲ್ಟರ್ನೇಟರ್ ಕೈಯಲ್ಲಿ ಉಳಿಯುವುದೇ ಸ್ವಲ್ಪ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಪ್ಲಗ್ ಚಾರ್ಜರ್ ಹಾಕಿ ತುಂಬಿಸಿ. ಫ್ರಿಜ್ಜನ್ನೂ ಮನೆ ಕರೆಂಟ್‌ನಲ್ಲೇ ತಣ್ಣಗೆ ಮಾಡಿಕೊಳ್ಳಿ. ವಾಪಸ್ ಬಂದ ದಿನವೂ ಮತ್ತೆ ಚಾರ್ಜ್‌ಗೆ ಹಾಕಿ. ಅರ್ಧ ಖಾಲಿ ಬ್ಯಾಟರಿಯನ್ನು ಬೇಸ್‌ಮೆಂಟ್‌ನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅಂಗಡಿಯವರ ಮಾತೇ ನಿಜವಾಗುತ್ತದೆ.

ಕೆಳಗಿನ ಕಾಮೆಂಟ್‌ನಲ್ಲಿ ಒಬ್ಬರು ಮನೆ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ಇಡಿ, ಅಗ್ಗ ಅಂದಿದ್ದಾರೆ. ದಯವಿಟ್ಟು ಬೇಡ. ಗಾಡಿಯೊಳಗೆ ಮಲಗುವ ಜಾಗದಲ್ಲೇ ಅದು ಬೆಂಕಿ ಹತ್ತುವ ಹೈಡ್ರೋಜನ್ ಬಿಡುತ್ತದೆ, ಘಾಟಿ ತಿರುವಿನಲ್ಲಿ ಆಸಿಡ್ ಚೆಲ್ಲುತ್ತದೆ. ಲಿಥಿಯಂ ಒಳ್ಳೆಯದೇ, ಆದರೆ ಬರೀ ರಿಲೇಗೆ ಕಟ್ಟಬೇಡಿ. ಅದು ಸಿಕ್ಕಷ್ಟೂ ಎಳೆದು ಆಲ್ಟರ್ನೇಟರ್ ಕಾಯಿಸುತ್ತದೆ.

ಆ ಎರಡು ರೀಡಿಂಗ್ ತೆಗೆದು ಇಲ್ಲಿ ಹಾಕಿ ಸರ್. ವೈರ್ ಬದಲಿಸಿದರೆ ಸಾಕಾ, ಚಾರ್ಜರ್ ಬೇಕಾ ಅಂತ ಆಮೇಲೆ ಹೇಳಬಹುದು.