ಪುಸ್ತಕ ಸುಟ್ಟರೆ ಅಕ್ಕನ ಮಾತು ಯಾರು ಕೇಳ್ತಾರೆ?

ನಾನು ಆಪ್ತಸಲಹೆ ಕೊಡುವವಳು. ಧರ್ಮಗ್ರಂಥ ಸುಟ್ಟು ಹಾಕಬೇಕು ಅನ್ನಿಸುತ್ತಿದೆ ಎಂದು ಹೇಳಿಕೊಂಡು ನನ್ನ ಹತ್ತಿರ ಬರುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಸಾಲುಗಟ್ಟಿ ಬರುತ್ತಾರೆ ಎಂದಲ್ಲ. ಮೊದಲು ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ, ಈಗ ಆಗಾಗ ಬೀಳುತ್ತದೆ. ಬರುವವರು ಬೇರೆ ಬೇರೆ ಧರ್ಮದ ಮನೆಗಳವರು. ಹೆಚ್ಚಿನವರು ಇಪ್ಪತ್ತರಿಂದ ಮೂವತ್ತರ ಒಳಗಿನವರು. ಸುಡುವುದಕ್ಕಿಂತ ಅದನ್ನು ವಿಡಿಯೋ ಮಾಡಿ ಹಾಕುವುದು ಅವರಿಗೆ ಮುಖ್ಯ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹೆಸರು ಮಾತ್ರ ಇಡುವುದಿಲ್ಲ, ಸುಳ್ಳು ಹೆಸರೂ ಬೇಡ. ನಮ್ಮಲ್ಲಿ ಹೆಸರು ಹೇಳಿದರೆ ಧರ್ಮ ಗೊತ್ತಾಗುತ್ತದೆ, ಎಷ್ಟೋ ಸಲ ಜಾತಿಯೂ ಗೊತ್ತಾಗುತ್ತದೆ. ಆಮೇಲೆ ಅರ್ಧ ಜನ "ಅವರ ಧರ್ಮವೇ ಹಾಗೆ ಬಿಡಿ" ಅಂತಾರೆ. ಇನ್ನರ್ಧ ಜನ "ನಮ್ಮ ಧರ್ಮವನ್ನೇ ಯಾಕೆ ಹಿಡಿದುಕೊಂಡಿರಿ" ಅಂತಾರೆ. ಹುಡುಗಿಯ ಕಥೆ ಅಲ್ಲಿಗೇ ಮುಗಿಯುತ್ತದೆ. ಅವರ ಮನೆಯಲ್ಲಿ ಏನೆಂದು ಕರೆಯುತ್ತಾರೋ ಅದೂ ಬೇಡ, ಅಪ್ಪ, ಅಕ್ಕ, ಅಜ್ಜಿ ಎಂದೇ ಬರೆಯುತ್ತೇನೆ.

ಆಕೆಗೆ ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಊರು ಒಂದು ತಾಲ್ಲೂಕು ಕೇಂದ್ರ. ಅಕ್ಕನಿಗೆ ಮದುವೆಯಾಗಿದೆ. ಗಂಡ ಹೊಡೆಯುತ್ತಾನೆ. ಅಕ್ಕ ತವರಿಗೆ ಬಂದಾಗ ಅಪ್ಪ ಕಪಾಟಿನಿಂದ ಪುಸ್ತಕ ತೆಗೆದು, ಹೆಂಡತಿ ಹೇಗಿರಬೇಕು ಎಂಬ ಸಾಲು ಓದಿ ಹೇಳಿ, ವಾಪಸ್ ಕಳಿಸಿದರು. ಇನ್ನೊಮ್ಮೆ ಬಂದಾಗಲೂ ಅದೇ ಪುಸ್ತಕ, ಅದೇ ಸಾಲು. ಆ ಸಲ ಈಕೆಯೂ ಮನೆಯಲ್ಲಿದ್ದಳು. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಎಂದು. ಪುಸ್ತಕದ ವಿಷಯ ಬಾಯಿಗೆ ಬರಲು ಸ್ವಲ್ಪ ದಿನ ಹಿಡಿಯಿತು. ಬಂದಾಗ ಪ್ಲಾನ್ ಪೂರ್ತಿ ರೆಡಿ ಇತ್ತು. ಹಬ್ಬಕ್ಕೆ ಊರಿಗೆ ಹೋಗುವುದು, ಬೆಳಿಗ್ಗೆ ಎಲ್ಲರೂ ಪ್ರಾರ್ಥನೆಗೆ ಹೋದಾಗ ತಾರಸಿಯಲ್ಲಿ ಸುಡುವುದು, ಇನ್‌ಸ್ಟಾಗ್ರಾಮ್‌ಗೆ ಹಾಕುವುದು.

ಅವತ್ತಿನ ಮಾತುಕತೆಯನ್ನು ನೆನಪಿರುವಷ್ಟು ಹಾಗೇ ಕೊಡುತ್ತೇನೆ.

"ವಿಡಿಯೋ ಯಾರು ನೋಡಬೇಕು?" ಎಂದು ಕೇಳಿದೆ.

"ಎಲ್ಲರೂ ಮೇಡಂ."

"ಎಲ್ಲರೂ ಬಿಡಿ. ಒಬ್ಬರೇ ನೋಡೋದು ಅಂದ್ರೆ?"

"ಅಪ್ಪ."

"ನೋಡಿ ಏನು ಮಾಡ್ತಾರೆ?"

"ಅಳ್ತಾರೆ." ಇದನ್ನು ಹೇಳುವಾಗ ಅವಳಿಗೆ ಸ್ವಲ್ಪ ಖುಷಿಯೇ ಆಯಿತು. "ಮನೆಗೆ ಜನ ಬರ್ತಾರೆ. ದೊಡ್ಡವರೆಲ್ಲ ಬಂದು ಸಮಾಧಾನ ಹೇಳ್ತಾರೆ. ಎಂಥ ಮಗಳು ಹುಟ್ಟಿದ್ಲಪ್ಪ ನಿಮಗೆ ಅಂತಾರೆ."

"ಅಕ್ಕನ ವಿಷಯ ಯಾರು ಎತ್ತುತ್ತಾರೆ?"

"ಅಕ್ಕನ ವಿಷಯ ಯಾಕೆ ಎತ್ತುತ್ತಾರೆ?" ಎಂದವಳು ಅಲ್ಲೇ ನಿಲ್ಲಿಸಿದಳು. ಆಮೇಲೆ ನಿಧಾನವಾಗಿ, "ಅವತ್ತಿಂದ ಅಪ್ಪನೇ ಪಾಪದವರು ಆಗಿಬಿಡ್ತಾರೆ ಅಲ್ವಾ?" ಎಂದಳು.

ನಾನು ಸುಮ್ಮನಿದ್ದೆ. ಹೇಳಬೇಕಾದ್ದನ್ನು ಅವಳೇ ಹೇಳಿಯಾಗಿತ್ತು. ಆದರೂ ಇನ್ನೊಂದು ಪ್ರಶ್ನೆ ಕೇಳಿದೆ. ಸುಡುವುದು ಯಾವ ಪುಸ್ತಕ? ಅಂಗಡಿಯಿಂದ ಹೊಸದು ತರುತ್ತೀರಾ?

"ಹೊಸದು ತಂದು ಸುಟ್ಟರೆ ಏನು ಬಂತು? ಅಪ್ಪ ಓದಿದ್ದೇ ಆಗಬೇಕು."

"ಅದು ಅಪ್ಪ ಕೊಂಡಿದ್ದಾ?"

"ಅಲ್ಲ. ಅಜ್ಜಿದು."

ಅಜ್ಜಿಗೆ ಓದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮತ್ತೆ ಬಟ್ಟೆ ಸುತ್ತಿ ಇಡುತ್ತಾರಂತೆ. ಆ ಮನೆಯಲ್ಲಿ ಅಕ್ಕನ ಪರವಾಗಿ ಒಂದು ಮಾತು ಆಡಿದವರು ಯಾರು ಎಂದು ಕೇಳಿದರೆ, ಅದೂ ಅಜ್ಜಿಯೇ. ಅಕ್ಕ ವಾಪಸ್ ಹೊರಟಾಗ ವೃದ್ಧಾಪ್ಯ ವೇತನದ ದುಡ್ಡನ್ನು ಅವಳ ಕೈಗೆ ತುರುಕಿ, "ಮತ್ತೆ ಕೈ ಎತ್ತಿದ್ರೆ ಇಲ್ಲಿಗೆ ಬರಬೇಡ, ತಂಗಿ ಹತ್ರ ಹೋಗು" ಎಂದಿದ್ದರು. ಇಷ್ಟು ಹೇಳಿ ಹುಡುಗಿ ಅತ್ತಳು. ನನ್ನ ಮುಂದೆ ಅವಳು ಅತ್ತಿದ್ದು ಅದೇ ಮೊದಲು.

ನಾನು ನೇರವಾಗಿ "ಸುಡಬೇಡಿ" ಎಂದೆ. ಈ ಮಾತಿಗೆ ನನ್ನ ಜೊತೆ ಕೆಲಸ ಮಾಡುವವರೇ ಆಕ್ಷೇಪ ಎತ್ತಿದ್ದಾರೆ. ಹೀಗೆ ಮಾಡಿ, ಹಾಗೆ ಮಾಡಬೇಡಿ ಎನ್ನುವುದು ಆಪ್ತಸಲಹೆ ಅಲ್ಲ ಎಂಬುದು ನಮಗೆ ಕಲಿಸಿದ ಮೊದಲ ಪಾಠ. ನಿಜ. ಆದರೆ ಎದುರಿಗಿರುವವರು ನಾಳೆ ಜೈಲಿಗೆ ಹೋಗುವ ಅಥವಾ ಪೆಟ್ಟು ತಿನ್ನುವ ಕೆಲಸಕ್ಕೆ ಹೊರಟಾಗ, "ಇದರ ಬಗ್ಗೆ ನಿಮಗೇನು ಅನ್ನಿಸುತ್ತದೆ?" ಎಂದು ಕೇಳುತ್ತಾ ಕೂರುವುದು ನನ್ನಿಂದ ಆಗುವುದಿಲ್ಲ.

ಕಾನೂನಿನ ಮಾತನ್ನೂ ಆಡಿದೆ. ಪವಿತ್ರ ಎಂದು ಜನ ನಂಬಿದ ವಸ್ತುವನ್ನು ಅವಮಾನಿಸುವ ಉದ್ದೇಶದಿಂದ ಹಾಳು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 298ನೇ ಸೆಕ್ಷನ್, ಎರಡು ವರ್ಷದವರೆಗೆ ಶಿಕ್ಷೆ. ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸಿದರೆ 299, ಮೂರು ವರ್ಷದವರೆಗೆ. ಎಲೆಕ್ಟ್ರಾನಿಕ್ ಮಾಧ್ಯಮ ಎಂಬ ಮಾತು ಈಗ ಆ ಸೆಕ್ಷನ್ನಿನಲ್ಲೇ ಇದೆ. ಅಂದರೆ ವಿಡಿಯೋ ಹಾಕಿದವರೇ ತಮ್ಮ ಮೇಲಿನ ಸಾಕ್ಷಿಯನ್ನು ಒದಗಿಸಿಕೊಟ್ಟಂತೆ. ಈ ಕಾನೂನು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಪೊಲೀಸರು ಮನೆ ಬಾಗಿಲಿಗೆ ಬಂದ ದಿನ ಆ ಚರ್ಚೆ ಉಪಯೋಗಕ್ಕೆ ಬರುವುದಿಲ್ಲ.

ಆಗ ಅವಳು ಕೇಳಿದಳು, "ಅಂಬೇಡ್ಕರ್ ಸುಡಲಿಲ್ವಾ ಮೇಡಂ?"

ಬಂದವರೆಲ್ಲ ಇದನ್ನು ಕೇಳುತ್ತಾರೆ. ಕೇಳಲೇಬೇಕು. ಸುಟ್ಟರು. 1927ರ ಡಿಸೆಂಬರ್ 25ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ, ಎಲ್ಲರ ಎದುರಿಗೆ, ಮನುಸ್ಮೃತಿ ಸುಟ್ಟರು. ಅದು ಸೋತ ಪ್ರತಿಭಟನೆ ಎಂದು ನಾನು ಹೇಳಲಾರೆ, ಹೇಳುವವರನ್ನು ಒಪ್ಪುವುದೂ ಇಲ್ಲ. ಆದರೆ ಅಲ್ಲಿ ಏನೇನಿತ್ತು ಎಂದು ಪೂರ್ತಿ ನೋಡಬೇಕು. ಬೆಂಕಿಗಿಂತ ಮೊದಲು ಅಲ್ಲಿ ಒಂದು ಕೆರೆ ಇತ್ತು. ಚವದಾರ್ ಕೆರೆಯ ನೀರು ದಲಿತರಿಗೂ ಸಿಗಬೇಕು ಎಂಬ ಬೇಡಿಕೆ ಇತ್ತು. ಅದೇ ವರ್ಷ ಮಾರ್ಚ್ 20ರಂದು ಸಾವಿರಾರು ಜನ ನಡೆದು ಹೋಗಿ ಆ ನೀರು ಕುಡಿದಿದ್ದರು, ಅದಕ್ಕಾಗಿ ಏಟು ತಿಂದಿದ್ದರು. ಸುಡುವುದಕ್ಕೂ ಸಭೆಯಲ್ಲಿ ಠರಾವು ಆಯಿತು. ಅದನ್ನು ಮಂಡಿಸಿದವರು ಸಹಸ್ರಬುದ್ಧೆ ಎಂಬ ಬ್ರಾಹ್ಮಣರು. ಯಾರದೋ ಅಜ್ಜಿ ಬಟ್ಟೆ ಸುತ್ತಿ ಇಟ್ಟಿದ್ದನ್ನು ಅಲ್ಲಿ ಕದ್ದು ತರಲಿಲ್ಲ. ಯಾರು ಯಾವ ನೀರು ಮುಟ್ಟಬೇಕು, ಮುಟ್ಟಬಾರದು ಎನ್ನುವ ಕಟ್ಟಳೆಯ ಪುಸ್ತಕ ಎಂದೇ ಅದನ್ನು ಸುಟ್ಟರು. ಇಷ್ಟಾದ ಮೇಲೂ ಕೆರೆಯ ಹಕ್ಕು ಗಟ್ಟಿಯಾಗಿದ್ದು ಕೋರ್ಟಿನಲ್ಲಿ. ಬಾಂಬೆ ಹೈಕೋರ್ಟಿನ ತೀರ್ಪು ಬಂದಿದ್ದು 1937ರಲ್ಲಿ. ಹತ್ತು ವರ್ಷ ಕೇಸು ನಡೆಸಿದ ಅಂಬೇಡ್ಕರ್ ಅವರ ನೆನಪು ನಮ್ಮ ಹುಡುಗರಿಗೆ ಬೆಂಕಿ ಹಚ್ಚಿದ ಅಂಬೇಡ್ಕರ್ ನೆನಪಿನಷ್ಟು ಇಲ್ಲ. ಅದು ನನಗೆ ಬೇಸರದ ವಿಷಯ.

ಅವಳ ತಾರಸಿಯಲ್ಲಿ ಕೆರೆ ಇರಲಿಲ್ಲ. ಅಂದರೆ, ಸುಟ್ಟ ಮೇಲೆ ಏನು ಆಗಬೇಕು ಎಂಬ ಬೇಡಿಕೆಯೇ ಇರಲಿಲ್ಲ. ಅಕ್ಕನಿಗೆ ಏನು ಬೇಕು ಎಂದು ತಂಗಿಯೂ ಕೇಳಿರಲಿಲ್ಲ.

ಬೇಡಿಕೆಯಿಲ್ಲದ ಬೆಂಕಿ ಯಾರನ್ನು ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಉದಾಹರಣೆ ಬೇಕಾದಷ್ಟಿವೆ. ಅಮೆರಿಕದ ಫ್ಲೋರಿಡಾದಲ್ಲಿ ಟೆರಿ ಜೋನ್ಸ್ ಎಂಬ ಪಾದ್ರಿಯ ಚರ್ಚಿನಲ್ಲಿ 2011ರ ಮಾರ್ಚ್‌ನಲ್ಲಿ ಕುರಾನ್ ಸುಟ್ಟರು. ಏಪ್ರಿಲ್ 1ರಂದು ಅಫ್ಘಾನಿಸ್ತಾನದ ಮಜಾರ್-ಎ-ಶರೀಫ್‌ನಲ್ಲಿ ಜನ ವಿಶ್ವಸಂಸ್ಥೆಯ ಕಚೇರಿಗೆ ನುಗ್ಗಿ ಅಲ್ಲಿನ ನೌಕರರನ್ನು ಕೊಂದರು. ಸತ್ತವರಿಗೂ ಆ ಪಾದ್ರಿಗೂ ಏನು ಸಂಬಂಧ? ಕೊಂದವರ ತಪ್ಪು ಕೊಂದವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಟ್ಟವನು ಏನು ಸಾಧಿಸಿದ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಇರಾಕಿನಿಂದ ಬಂದು ಸ್ವೀಡನ್‌ನಲ್ಲಿ ನೆಲೆಸಿದ್ದ ಸಲ್ವಾನ್ ಮೋಮಿಕಾ 2023ರ ಜೂನ್ 28ರಂದು, ಬಕ್ರೀದ್ ದಿನವೇ, ಸ್ಟಾಕ್‌ಹೋಮ್‌ನ ಮಸೀದಿ ಎದುರು ಕುರಾನ್ ಸುಟ್ಟ. ಅವನಿಗೆ ಬೇಡಿಕೆಯೇನೋ ಇತ್ತು, ಕುರಾನನ್ನೇ ನಿಷೇಧಿಸಬೇಕು ಎಂದು. ಆಮೇಲೆ ಆಗಿದ್ದೇನು? ಪಕ್ಕದ ಡೆನ್ಮಾರ್ಕ್ ಅದೇ ಡಿಸೆಂಬರ್‌ನಲ್ಲಿ ಧರ್ಮಗ್ರಂಥವನ್ನು ಬಹಿರಂಗವಾಗಿ ಸುಡುವುದನ್ನೇ ನಿಷೇಧಿಸಿತು. 2025ರ ಜನವರಿಯಲ್ಲಿ ಯಾರೋ ಅವನನ್ನು ಗುಂಡಿಟ್ಟು ಕೊಂದರು. ಸುಟ್ಟ ಪುಸ್ತಕ ಅಂಗಡಿಯಲ್ಲಿ ಮೊದಲಿನ ಹಾಗೇ ಸಿಗುತ್ತದೆ, ಫೋನಿನಲ್ಲೂ ಸಿಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1933ರ ಮೇ 10ರಂದು ಬರ್ಲಿನ್‌ನಲ್ಲಿ ನಾಜಿ ವಿದ್ಯಾರ್ಥಿಗಳು ಸುಟ್ಟ ಪುಸ್ತಕಗಳಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಬರೆದವೂ ಇದ್ದವು. ಪುಸ್ತಕ ಸುಡುವುದು ಎಂದರೆ ಬಹಳ ಜನರಿಗೆ ಮೊದಲು ನೆನಪಾಗುವುದು ಆ ಗುಂಪು. ಪೆಟ್ಟು ತಿಂದವರೇ ಬೆಂಕಿ ಹಚ್ಚಿದರೂ ನೋಡುವವರ ಕಣ್ಣಿಗೆ ದೌರ್ಜನ್ಯ ಮಾಡುವವರ ಹಾಗೆ ಕಾಣುತ್ತಾರೆ. ಇದು ಅನ್ಯಾಯ ಇರಬಹುದು, ಆದರೆ ಆಗುವುದು ಹಾಗೆಯೇ.

ಅವಳಿಗೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಮೊದಲು ಅಕ್ಕನಿಗೆ ಫೋನ್ ಮಾಡಿ, ಅವಳಿಗೇನು ಬೇಕು ಎಂದು ಕೇಳಿ. ವಾಪಸ್ ಬರಬೇಕೋ, ಗಂಡನಿಗೆ ಯಾರಾದರೂ ಬುದ್ಧಿ ಹೇಳಬೇಕೋ, ಬೇರೆಯಾಗಬೇಕೋ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ರಕ್ಷಣಾಧಿಕಾರಿ ಇರುತ್ತಾರೆ, 181 ಸಹಾಯವಾಣಿ ಇದೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತವಾಗಿ ಸಿಗುತ್ತಾರೆ. ಅಪ್ಪನ ಜೊತೆ ಜಗಳ ಆಡಲೇಬೇಕಿದ್ದರೆ ಆಡಿ, ಆದರೆ ಪುಸ್ತಕದ ಮೇಲೆ ಬೇಡ. "ಅವತ್ತು ನೀವು ಅಕ್ಕನನ್ನು ಯಾಕೆ ಕಳಿಸಿದಿರಿ?" ಎಂದು ಕೇಳಿ. ಅವರು ಪುಸ್ತಕ ತೆಗೆಯಲು ಹೋದರೆ, "ಪುಸ್ತಕ ಅಲ್ಲ, ನಿಮ್ಮನ್ನು ಕೇಳ್ತಿದ್ದೀನಿ" ಎನ್ನಿ. ಈ ಸಾಲನ್ನು ನನ್ನ ಮುಂದೆಯೇ ಹಲವು ಸಲ ಹೇಳಿಸಿದೆ. ಮೊದಮೊದಲು ದನಿಯೇ ಹೊರಡುತ್ತಿರಲಿಲ್ಲ. ಬೆಂಕಿ ಹಚ್ಚಲು ಹೊರಟವಳಿಗೆ ಅಪ್ಪನ ಮುಖ ನೋಡಿ ಒಂದು ಪ್ರಶ್ನೆ ಕೇಳುವುದು ಅಷ್ಟು ಕಷ್ಟವಾಗಿತ್ತು.

ಸಿಟ್ಟನ್ನು ನುಂಗಿಸಿದಿರಿ, ಧರ್ಮದ ಪರ ನಿಂತಿರಿ ಎಂದು ಒಬ್ಬರು ನನಗೆ ಹೇಳಿದರು. ಅವಳು ಆ ಪುಸ್ತಕವನ್ನು ಗೌರವಿಸಬೇಕು ಎಂದು ನಾನು ಹೇಳಿಲ್ಲ. ನಂಬಿಕೆ ಬಿಡುವುದಾದರೆ ಬಿಡಲಿ, ಆ ಸಾಲು ತಪ್ಪು ಎಂದು ಬರೆಯಲಿ, ಹೆಸರು ಹಾಕಿಕೊಂಡು ವಾದ ಮಾಡಲಿ. ಹಾಗೆ ಮಾಡಿದರೆ ಎದುರಿನವರು ಉತ್ತರ ಕೊಡಬೇಕಾಗುತ್ತದೆ. ಸುಟ್ಟರೆ ಅವರು ಉತ್ತರ ಕೊಡಬೇಕಿಲ್ಲ, ಅತ್ತರೆ ಸಾಕು.

ಹಬ್ಬಕ್ಕೆ ಅವಳು ಊರಿಗೆ ಹೋದಳು. ಅಪ್ಪನನ್ನು ಕೇಳಿದಳು. ಅವರು ಉತ್ತರ ಕೊಡದೆ ಎದ್ದು ಹೊರಗೆ ಹೋದರಂತೆ. ಈಗಲೂ ಮಗಳ ಜೊತೆ ಮಾತಿಲ್ಲ. ಅಕ್ಕ ಬೆಂಗಳೂರಿಗೆ ಬಂದಿದ್ದಾಳೆ, ಇಬ್ಬರೂ ಪಿಜಿ ಬಿಟ್ಟು ಒಂದು ರೂಮ್ ಮಾಡಿಕೊಂಡಿದ್ದಾರೆ. ಕೇಸು ಹಾಕುವುದೋ ಬೇಡವೋ ಎಂದು ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ. ತಂಗಿಗೆ ಅದರ ಬಗ್ಗೆಯೂ ಸಿಟ್ಟಿದೆ. ಮುಂದಿನ ವಾರ ಇಬ್ಬರೂ ಒಟ್ಟಿಗೆ ಬರುತ್ತೇವೆ ಎಂದಿದ್ದಾರೆ.